ತಗೊಳ್ಳೋ ಮೊದಲ ದನಿ ಕೇಳ್ರಿ: ಒಳಗ ಸ್ಪೀಕರ್ ಇರೋ ಹಳೇ ಡೆಸ್ಕ್‌ಟಾಪ್‌ಗಳು

ಗುಮ್ಮಟ_486 | ವಿಜಯಪುರ

ನಮಸ್ಕಾರ್ರಿ ಎಲ್ಲಾರಿಗೂ. ಪೆಟ್ಟಿಗಿ ಒಳಗ ಸ್ಪೀಕರ್ ಕೂಡಿಸಿ ಬಂದ ಹಳೇ ಡೆಸ್ಕ್‌ಟಾಪ್ ಅಷ್ಟ ಸಂಗ್ರಹ ಮಾಡಬೇಕಂತ ಅದ. ಗುಜರಿ ಅಂಗಡಿಯೊಳಗ ಒಂದ ಲಾಟಿನ್ಯಾಗ ಮೂರು ಬಂದಾವ.

ಒಂದು, ಅಡ್ಡ ಮಲಗೋ ಪೆಟ್ಟಿಗಿಯ 486 (ಆ ಹೆಸರಿನ ಇಂಟೆಲ್ ಜಾತಿ ಪ್ರೊಸೆಸರ್ ಇರೋ ಹಳೇ ಪಿಸಿ). ಬೋರ್ಡಿನ ಮ್ಯಾಲ ನೀಲಿ ಪೀಪಾಯಿ ಬ್ಯಾಟರಿ ಅದ, ಸುತ್ತ ಹಸರ ಕಿಲುಬು. ಎರಡು, ಆ್ಯಪಲ್‌ದು ಐಮ್ಯಾಕ್ ಜಿ3, ಪಿಕ್ಚರ್ ಟ್ಯೂಬ್ ಪರದೆ ಪೆಟ್ಟಿಗಿಯೊಳಗನ ಇರೋದು, ಸಿಡಿ ಸೀಳಿನ್ಯಾಗ ತೂರಸೋ ಮಾಡೆಲ್. ಅಂಗಡಿಯವರು ಚಾಲೂ ಮಾಡಿ ತೋರಿಸಿದ್ರು, ಬಲಗಡಿ ಸ್ಪೀಕರ್ ಗರ್ ಅಂತದ. ಮೂರು, ಶಾಲಿಯಿಂದ ಬಂದ ಬಿಬಿಸಿ ಮೈಕ್ರೋ ಮಾಡೆಲ್ ಬಿ, ಕೀಬೋರ್ಡ್ ಪೆಟ್ಟಿಗಿಯೊಳಗನ ಎಲ್ಲಾ ಇರೋ ಬ್ರಿಟನ್ನಿನ ಹಳೇ ಕಂಪ್ಯೂಟರ್. ಇದಕ್ಕ ಇನ್ನೂ ಕರೆಂಟ್ ಕೊಟ್ಟಿಲ್ಲ.

ರೊಕ್ಕ ಕೊಡೋ ಮೊದಲ ಏನೇನು ನೋಡಬೇಕು? ತಂದ ಮ್ಯಾಲ ಯಾವುದರಿಂದ ಶುರು ಮಾಡಬೇಕು? ಮೂಲ ಸ್ಪೀಕರ್ ಉಳೀಬೇಕು. ಒಳಗ ಬ್ಲೂಟೂತ್ ಬೋರ್ಡ್ ತುರಕೋ ಉಪಾಯ ಬ್ಯಾಡ್ರಿ.

ಟಿಳಕವಾಡಿ_ಸರ್ಕ್ಯೂಟ್ | ಬೆಳಗಾವಿ

ಬಿಬಿಸಿಗೂ ಕರೆಂಟ್ ಕೊಡಬ್ಯಾಡ್ರಿ, 486ಕ್ಕೂ ಕೊಡಬ್ಯಾಡ್ರಿ. ಅಂಗಡಿಯವರು ಕೊಡ್ತೀನಂದ್ರೂ ಕೈ ಹಿಡೀರಿ. ಬಿಬಿಸಿ ವಿಷಯ ನವನಗರದವರು ಹೇಳ್ತಾರ, ನಾ 486 ಹೇಳ್ತೀನಿ.

ನೀಲಿ ಪೀಪಾಯಿ ಅಂದ್ರ 3.6 ವೋಲ್ಟಿನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ. ಅದರಿಂದ ಸೋರೋದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದ್ರ ಕ್ಷಾರ. ತಾಮ್ರದ ಗೆರಿ ಗುಂಟ ಹಸರ ಬಣ್ಣದ ಕೆಳಗ ತಿನಕೋತ ಹೋಗ್ತೈತಿ. ಬ್ಯಾಟರಿ ಸಾಮಾನ್ಯವಾಗಿ ಕೀಬೋರ್ಡ್ ಸಾಕೆಟ್ ಬಾಜೂಕನ ಇರೋದರಿಂದ ಮೊದಲ ಸಾಯೋದು ಕೀಬೋರ್ಡ್ ಸಾಲು. ಕಿಲುಬು ಬ್ಯಾಟರಿ ಸುತ್ತ ಒಂದು ಇಂಚಿನೊಳಗ ನಿಂತಿದ್ರ ಚಿಂತಿಲ್ಲದ ತಗೋರಿ. ಕೀಬೋರ್ಡ್ ಸಾಕೆಟ್ಟಿನ ಕಾಲು, ಐಸಾ ಸ್ಲಾಟಿನ (ಕಾರ್ಡ್ ಸಿಗಸೋ ಉದ್ದ ಸಾಕೆಟ್) ಒಳಗಿನ ಹಲ್ಲು ಹಸರಾಗಿದ್ರ ಬರೇ ಪೆಟ್ಟಿಗಿ ರೇಟಿಗೆ ಕೇಳ್ರಿ.

ಮನಿಗೆ ತಂದ ದಿನಾನ ಬ್ಯಾಟರಿ ಕಾಲು ಕಟರ್‌ನಿಂದ ಕತ್ತರಿಸಿ ತಗೀರಿ. ಹಿಡದು ತಿರುವಿದ್ರ ಕೆಳಗಿನ ತಾಮ್ರದ ಪ್ಯಾಡ್ ಕಿತ್ತು ಬರ್ತೈತಿ. ಬಿಳೇ ವಿನೆಗರ್‌ಗೆ ಅಷ್ಟ ನೀರು ಕೂಡಸಿ, ಹತ್ತಿ ಕಡ್ಡಿಯಿಂದ ಕಿಲುಬಿನ ಮ್ಯಾಲ ಹಚ್ಚಿ ಐದು ನಿಮಿಷ ಬಿಡ್ರಿ, ಹಳೇ ಹಲ್ಲಿನ ಬ್ರಷ್‌ನಿಂದ ಮೆಲ್ಲಕ ತಿಕ್ಕರಿ. ಆಮ್ಯಾಲ ಡಿಸ್ಟಿಲ್ಡ್ ವಾಟರ್, ಕಡೀಕ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್. ವಿನೆಗರ್ ಹಚ್ಚಿ ತೊಳೀದ ಬಿಟ್ರ ಅದೂ ಆ್ಯಸಿಡ್ಡ, ಅದೂ ತಿಂತೈತಿ. ಒಂದಿನ ಒಣಗಿಸಿ, ಮೀಟರ್ ಕಂಟಿನ್ಯುಟಿಗೆ ಇಟ್ಟು ಒಂದೊಂದ ಗೆರಿ ನೋಡ್ರಿ. ಹರದಿದ್ದಕ್ಕ 30 ಗೇಜಿನ ವೈರ್ ಹಚ್ಚಿ ಬೆಸೀರಿ.

ಹೊಸ ಬ್ಯಾಟರಿ ಜಾಗಾಕ್ಕ ಮತ್ತ ಪೀಪಾಯಿ ತರಬ್ಯಾಡ್ರಿ. ಸಿಆರ್2032 ಹೋಲ್ಡರ್ ವೈರಿನ್ಯಾಗ ಹೊರಗ ತಂದು ಪೆಟ್ಟಿಗಿ ಗ್ವಾಡಿಗೆ ಅಂಟಸ್ರಿ. ನಡುವ ಒಂದು 1ಎನ್4148 ಡಯೋಡ್ ಬೇಕಬೇಕು: ಗೆರಿ ಇರೋ ತುದಿ ಬೋರ್ಡಿನ ಪ್ಲಸ್ ಕಡೆ, ಗೆರಿ ಇಲ್ಲದ ತುದಿ ಹೋಲ್ಡರ್ ಪ್ಲಸ್ ಕಡೆ. ಯಾಕಂದ್ರ ಆ ಬೋರ್ಡಿನ್ಯಾಗ ಪೀಪಾಯಿ ಚಾರ್ಜ್ ಮಾಡೋ ಸರ್ಕ್ಯೂಟ್ ಐತಿ. ಡಯೋಡ್ ಇಲ್ಲಾಂದ್ರ ಅದು ಲಿಥಿಯಂ ಸೆಲ್ಲಿಗೂ ಚಾರ್ಜ್ ತುಂಬತೈತಿ, ಸೆಲ್ ಉಬ್ಬಿ ಒಡೀತೈತಿ.

ಇನ್ನ ಸ್ಪೀಕರ್. ಮುಂದಿನ ತಗಡಿಗೆ ಸಿಗಸಿದ ಕಾಗದದ ಕೋನ್ ಇರ್ತೈತಿ, ಅಡ್ಡಳತಿ 57 ಮಿಲಿಮೀಟರ್, 8 ಓಮ್, ಕಾಲು ಅಥವಾ ಅರ್ಧ ವ್ಯಾಟ್. ಅಂಗಡಿಯಾಗ ಇದನ್ನ ನೋಡಾಕ ಕರೆಂಟ್ ಬೇಕಾಗಿಲ್ಲ. ಬೋರ್ಡಿನಿಂದ ಪ್ಲಗ್ ಕಿತ್ತು, ಮೀಟರಿನ್ಯಾಗ ಓಮ್ ನೋಡ್ರಿ. 8 ಓಮಿನದು ಮೀಟರಿಗೆ ಆರೂವರಿಯಿಂದ ಎಂಟರ ತನಕ ತೋರಿಸಬೇಕು, ಅದು ಕಾಯಿಲಿನ ಡಿಸಿ ರೆಸಿಸ್ಟೆನ್ಸ್, ಸ್ಪೀಕರ್ ಮ್ಯಾಲ ಬರದ ಇಂಪೀಡೆನ್ಸಿಗಿಂತ (ದನಿಯ ಸಿಗ್ನಲ್ಲಿಗೆ ಒಡ್ಡೋ ತಡೆ) ಕಡಿಮಿನ ಇರ್ತೈತಿ. ಆಮ್ಯಾಲ ಪೆನ್‌ಟಾರ್ಚಿನ 1.5 ವೋಲ್ಟ್ ಸೆಲ್ ಎರಡೂ ವೈರಿಗೆ ಮುಟ್ಟಿಸಿ ತಗೀರಿ. ಟಕ್ ಅಂತ ಸ್ವಚ್ಛ ಸಪ್ಪಳ ಬಂದ್ರ ಜೀವ ಐತಿ. ಕರ್ ಅಂದ್ರ ಕಾಯಿಲ್ ಮ್ಯಾಗ್ನೆಟ್ಟಿಗೆ ತಿಕ್ಕಾಕತ್ತೈತಿ, ಇಲ್ಲಾ ಒಳಗ ಕಬ್ಬಿಣದ ಪುಡಿ ಕುಂತೈತಿ.

ಹೊಳ್ಳಿ ಪ್ಲಗ್ ಹಾಕುವಾಗ ಒಂದು ಎಚ್ಚರ. ಬೋರ್ಡಿನ ನಾಲ್ಕು ಪಿನ್ನಿನ ಹೆಡರಿನ್ಯಾಗ (ಪ್ಲಗ್ ಕೂಡೋ ಪಿನ್ನಿನ ಸಾಲು) ಸ್ಪೀಕರ್ ಒಂದನೇದಕ್ಕ ಮತ್ತ ನಾಕನೇದಕ್ಕ ಕೂಡತೈತಿ. ಹೆಚ್ಚಿನ ಬೋರ್ಡಿನ್ಯಾಗ ಒಂದು ತುದಿ ನೇರ 5 ವೋಲ್ಟ್. ಆ ವೈರಿನ ಇನ್ಸುಲೇಶನ್ ಹರದು ತಗಡಿಗೆ ಹತ್ತಿದ್ರ 5 ವೋಲ್ಟ್ ಶಾರ್ಟ್, ಮಷೀನ್ ಸತ್ತಂಗ ಕಾಣತೈತಿ. ಬೋರ್ಡ್ ಹೋಗೇತಂತ ಬಿಸಾಕಿದ ಮಷೀನಿನ್ಯಾಗ ಇಷ್ಟ ತಪ್ಪು ಇರೋದುಂಟು.

ಖಡೇಬಜಾರ್_ಬೀಪ್ | ಬೆಳಗಾವಿ

ಚಾಲೂ ಆದ ಮ್ಯಾಲ ಕೇಳೋ ರೀತಿ ಹೇಳ್ತೀನಿ. ಅವಾರ್ಡ್ ಕಂಪನಿಯ ಬಯಾಸ್ (ಚಾಲೂ ಆಗುವಾಗ ಮಷೀನ್ ತಪಾಸೋ ಚಿಪ್ಪಿನೊಳಗಿನ ಪ್ರೋಗ್ರಾಮ್) ಇದ್ರ ಒಂದು ಸಣ್ಣ ಬೀಪ್ ಅಂದ್ರ ಎಲ್ಲಾ ಸರಿ. ಒಂದು ಉದ್ದ ಎರಡು ಸಣ್ಣ ಅಂದ್ರ ಡಿಸ್‌ಪ್ಲೇ ಕಾರ್ಡಿನ ತ್ರಾಸು. ಉದ್ದನ ಬೀಪ್ ಬಿಟ್ಟು ಬಿಟ್ಟು ಬರಾಕತ್ತಿದ್ರ ರ‍್ಯಾಮ್ ಕೂತಿಲ್ಲ, ಕಾಲು ಒರಸಿ ಕೂಡಸ್ರಿ.

ಡಾಸ್ (ಆ ಕಾಲದ ಆಪರೇಟಿಂಗ್ ಸಿಸ್ಟಮ್) ಬಂದ್ರ ಕ್ಯೂಬೇಸಿಕ್ ಅನ್ನೋ ಪ್ರೋಗ್ರಾಮ್ ಬರಿಯೋ ಸಾಫ್ಟ್‌ವೇರ್ ತಗೀರಿ (ಎಂಎಸ್-ಡಾಸ್ 5ರಿಂದ 6.22ರ ತನಕ ಇರ್ತದ). ಸೌಂಡ್ 440, 18.2 ಅಂತ ಕೊಟ್ರ ಒಂದು ಸೆಕೆಂಡ್ 440 ಹರ್ಟ್ಜ್ ಬರಬೇಕು, ಯಾಕಂದ್ರ ಪಿಸಿ ಗಡಿಯಾರ ಸೆಕೆಂಡಿಗೆ 18.2 ಸಲ ಬಡಿತದ. ಆಮ್ಯಾಲ 100ರಿಂದ 5000ದ ತನಕ 50ರ ಹೆಜ್ಜೆಯಾಗ ಒಂದೊಂದ ಟಿಕ್ (ಗಡಿಯಾರದ ಒಂದು ಬಡಿತ) ನುಡಿಸೋ ಫಾರ್-ನೆಕ್ಸ್ಟ್ ಸಾಲು ಬರೀರಿ. ಸುಮಾರು ಐದೂವರಿ ಸೆಕೆಂಡಿನ್ಯಾಗ ಕೆಳಗಿಂದ ಮ್ಯಾಲ ಹೋಗ್ತದ. ಒಂದ ಕಡೆ ಅಷ್ಟ ಝಣ್ ಅಂದ್ರ ಸ್ಪೀಕರಿನ ತಪ್ಪಲ್ಲ, ಪೆಟ್ಟಿಗಿ ತಗಡ ನಡಗಾಕತ್ತದ. ಬೆರಳು ಒತ್ತಿ ನೋಡ್ರಿ, ನಿಂತ್ರ ಅಲ್ಲಿ ಒಂದು ಫೆಲ್ಟ್ ತುಂಡು ಹಚ್ಚರಿ. ಎಲ್ಲಾ ಕಡೆ ಒಡದ ದನಿ ಬಂದ್ರ ಕೋನ್ ಹರದದ.

ಈ ದನಿ ಹುಟ್ಟೋ ರೀತಿ ತಿಳಕೊಂಡ್ರ ಮೂಲ ಸ್ಪೀಕರ್ ಯಾಕ ಉಳಸಬೇಕು ಅನ್ನೋದು ತಾನಾಗೇ ತಿಳೀತದ. 1981ರ ಐಬಿಎಂ ಪಿಸಿಯಿಂದ ನಡದು ಬಂದ ಪದ್ಧತಿ ಅದು: ಟೈಮರ್ ಚಿಪ್ಪಿನ 2ನೇ ನಂಬರಿನ ಚಾನಲ್ (ಎಣಿಕಿ ಸೊನ್ನಿಯಿಂದ), ಅದಕ್ಕ 1193182 ಹರ್ಟ್ಜ್ ಗಡಿಯಾರ. ಅದನ್ನ 2712ರಿಂದ ಭಾಗಿಸಿದ್ರ 440. 61ಎಚ್ ಪೋರ್ಟಿನ ಕೆಳಗಿನ ಎರಡು ಬಿಟ್ ಸ್ಪೀಕರ್ ಬಾಗಿಲ ತಗೀತಾವ, ಮುಚ್ಚತಾವ. ಅಂದ್ರ ಹೊರಗ ಬರೋದು ಬರೇ ಚೌಕ ಅಲೆ, ಒಂದು ಇಲ್ಲಾ ಸೊನ್ನಿ. ಆವಾಗಿನ ಕೆಲವು ಆಟದವರು ಆ ಬಿಟ್ಟನ್ನ ಭಾಳ ಜೋರಿನಿಂದ ತೆರದು ಮುಚ್ಚಿ ಮಾತು, ಡೋಲು ಎಲ್ಲಾ ನುಡಿಸಿದ್ರು. ಕಾಗದದ ಕೋನಿಗೆ ತೂಕ ಅದ, ಆ ಚೂಪು ಬಡಿತಗಳನ್ನ ಅದು ನುಣ್ಣಗ ಕೂಡಸ್ತದ. ಈಗ ಸಿಗೋ ಕರೇ ಗುಂಡಿಯಂಥಾ ಪೀಜೋ ಬಜರ್ ಹಾಕಿದ್ರ ಬೀಪ್ ಬರ್ತದ, ಆಟದ ಮಾತು ಬರೇ ಚುರ್ ಚುರ್ ಆಗ್ತದ.

ನವನಗರ_ಬೆಸುಗೆ | ಬಾಗಲಕೋಟೆ

ಬಿಬಿಸಿ ಮೈಕ್ರೋ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಮ್ಮ ಭಾಗದ ಶಾಲೆಗಳ ಹಳೆಯ ಲಾಟುಗಳಲ್ಲಿ ಇದು ಸಿಗುವುದಕ್ಕೆ ಕಾರಣವಿದೆ. 1984ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಹಂಚಿದ್ದು ಇದೇ ಯಂತ್ರ. ಹಿಂಬದಿಯ ಚೀಟಿ, ಸರಣಿ ಸಂಖ್ಯೆ, ಶಾಲೆಯ ದಾಸ್ತಾನು ಸಂಖ್ಯೆ ಬರೆದ ಬಣ್ಣ, ಇವನ್ನು ಒರೆಸಬೇಡಿ. ಸಂಗ್ರಹಕ್ಕೆ ಬೆಲೆ ಬರುವುದು ಅದರಿಂದಲೇ.

ಕರೆಂಟ್ ಕೊಡಬಾರದು ಎಂದದ್ದಕ್ಕೆ ಕಾರಣ ಪವರ್ ಸಪ್ಲೈ ಒಳಗಿನ ಎರಡು ಫಿಲ್ಟರ್ ಕೆಪಾಸಿಟರ್‌ಗಳು. ಹಳದಿ ಪಾರದರ್ಶಕ ಹೊದಿಕೆಯ ಲೋಹಲೇಪಿತ ಕಾಗದದ ಜಾತಿ. ವರ್ಷ ಕಳೆದಂತೆ ಹೊದಿಕೆ ಕೂದಲೆಳೆಯಷ್ಟು ಬಿರಿಯುತ್ತದೆ, ಒಳಗಿನ ಕಾಗದ ತೇವ ಹೀರುತ್ತದೆ. ಇವು ಮೇನ್ಸ್‌ಗೆ ನೇರ ಅಡ್ಡ ಕೂತಿರುವುದರಿಂದ ಪ್ಲಗ್ ಹಾಕಿದ ಕೆಲವು ನಿಮಿಷಗಳಲ್ಲಿ ಢಬ್ ಎಂದು ಒಡೆದು, ಕೋಣೆ ತುಂಬ ಸುಟ್ಟ ಮೀನಿನಂಥ ವಾಸನೆಯ ಹೊಗೆ. ಯಂತ್ರಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದರೆ ಆ ಜಿಡ್ಡು ಸಪ್ಲೈ ಪೆಟ್ಟಿಗೆಯೊಳಗೆಲ್ಲ ಅಂಟುತ್ತದೆ.

ಬೇಕಾದ ಭಾಗಗಳು: 0.1 ಮೈಕ್ರೋಫ್ಯಾರಡ್ ಒಂದು, 0.01 ಮೈಕ್ರೋಫ್ಯಾರಡ್ ಒಂದು. ಎರಡೂ ‘ಎಕ್ಸ್2’ ಎಂದು ಅಚ್ಚಾಗಿರುವ, 275 ವೋಲ್ಟ್ ಎಸಿಯ ಪಾಲಿಪ್ರೊಪಿಲೀನ್ ಫಿಲ್ಮ್. ಮಾಮೂಲಿ 400 ವೋಲ್ಟ್ ಡಿಸಿ ಕೆಪಾಸಿಟರ್ ನಡೆಯುವುದಿಲ್ಲ, ಅದು ಕೆಟ್ಟಾಗ ಶಾರ್ಟ್ ಆಗಿ ಬೆಂಕಿ ಹಿಡಿಯಬಹುದು. ಕಾಲುಗಳ ಅಂತರ ಅಳೆದು ತನ್ನಿ. ಪುಣೆಯ ಬುಧವಾರ ಪೇಠೆ ಅಥವಾ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ.

ಬದಲಿಸಿದ ಮೇಲೆ ಬೋರ್ಡ್ ಜೋಡಿಸುವ ಮೊದಲು 5 ವೋಲ್ಟ್ ಅಳೆಯಿರಿ. ಕೆಲವು ಸಪ್ಲೈಗಳು ಲೋಡ್ ಇಲ್ಲದೆ ಏಳುವುದಿಲ್ಲ. 5 ಓಮ್, 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್ ಒಂದನ್ನು 5 ವೋಲ್ಟಿಗೆ ಕಟ್ಟಿದರೆ ಒಂದು ಆಂಪಿಯರ್ ಎಳೆಯುತ್ತದೆ, ಪರೀಕ್ಷೆಗೆ ಸಾಕು. ಅದು ಬಿಸಿಯಾಗುತ್ತದೆ, ಮೇಜಿನ ಮೇಲೆ ಬರಿದೇ ಇಡಬೇಡಿ.

ಇನ್ನು ದನಿ. ಸ್ಪೀಕರ್ ಪೆಟ್ಟಿಗೆಯ ಎಡಭಾಗದಲ್ಲಿದೆ, ಅದನ್ನು ನಡೆಸುವುದು ಎಲ್‌ಎಂ386 ಎಂಬ ಎಂಟು ಕಾಲಿನ ಆಂಪ್ಲಿಫೈಯರ್, ಈಗಲೂ ಎಲ್ಲ ಕಡೆ ಸಿಗುತ್ತದೆ. ದನಿ ಹುಟ್ಟಿಸುವುದು ಎಸ್‌ಎನ್76489 ಚಿಪ್: ಮೂರು ಸ್ವರ, ಒಂದು ಗದ್ದಲ. ಸ್ವಿಚ್ ಹಾಕಿದ ಕೂಡಲೇ ‘ಬೂ’ ಎಂದು ಕೆಳದನಿ, ಹಿಂದೆಯೇ ‘ಬೀಪ್’ ಎಂದು ಮೇಲುದನಿ ಬರಬೇಕು. ಮೊದಲ ‘ಬೂ’ ಯಾರೂ ನುಡಿಸಿದ್ದಲ್ಲ. ಚಿಪ್‌ಗೆ ವಿದ್ಯುತ್ ಬಂದಾಗ ತಾನೇ ಕೂಗುತ್ತದೆ, ಪ್ರೊಸೆಸರ್ ಎದ್ದು ಅದನ್ನು ಸುಮ್ಮನಾಗಿಸುತ್ತದೆ. ಹಾಗಾಗಿ ‘ಬೂ’ ನಿಲ್ಲದೆ ಮುಂದುವರಿದರೆ ಸ್ಪೀಕರ್, ಆಂಪ್ಲಿಫೈಯರ್, ಸೌಂಡ್ ಚಿಪ್ ಮೂರೂ ಚೆನ್ನಾಗಿವೆ, ಪ್ರೊಸೆಸರ್ ಅಥವಾ ರಾಮ್-ರೋಮ್ (ನೆನಪಿನ ಚಿಪ್‌ಗಳು) ಕಡೆ ತೊಂದರೆ ಇದೆ ಎಂದರ್ಥ. ಏನೂ ಕೇಳದಿದ್ದರೆ ಮೊದಲು ಸ್ಪೀಕರ್ ಪ್ಲಗ್, ಆಮೇಲೆ ಎಲ್‌ಎಂ386 ನೋಡಿ.

ಯಂತ್ರ ಎದ್ದ ಮೇಲೆ ಅದರ ಬೇಸಿಕ್‌ನಲ್ಲಿ ಸೌಂಡ್ 1, -15, 89, 20 ಎಂದು ಕೊಡಿ. ಒಂದನೇ ಚಾನಲ್, ಪೂರ್ತಿ ದನಿ, 440 ಹರ್ಟ್ಜ್‌ನ ಸ್ವರ, ಒಂದು ಸೆಕೆಂಡ್. 1ರ ಜಾಗದಲ್ಲಿ 2, 3 ಹಾಕಿ ಮೂರೂ ಚಾನಲ್ ಕೇಳಿ. 53 ಕೊಟ್ಟರೆ ನಡು ಸಪ್ತಕದ ‘ಸಿ’.

ಶಹಾಪುರ_ಕೋನ್ | ಬೆಳಗಾವಿ

ಐಮ್ಯಾಕಿನ ಗರ್ ಸಪ್ಪಳಕ್ಕ ಬರ್ತೀನಿ. ಅಕ್ಟೋಬರ್ 1999ರಿಂದ ಬಂದ ಸೀಳಿನ ಮಾಡೆಲ್‌ಗೆ ಹಾರ್ಮನ್ ಕಾರ್ಡನ್ ಜೋಡಿ ಸ್ಪೀಕರ್ ಇರ್ತಾವ. ದನಿ ಆ ಕಾಲದ ಯಾವ ಡೆಸ್ಕ್‌ಟಾಪಿಗೂ ಕಡಿಮಿ ಇಲ್ಲ. ಕೋನಿನ ಸುತ್ತ ಇರೋ ಫೋಮ್ ಅಂಚು ಪಾಲಿಯೂರಿಥೇನ್, ಅದು ಗಾಳಿಯ ತೇವಕ್ಕ ತಾನಾಗೇ ಕೊಳೀತೈತಿ, ಮಷೀನ್ ಹಚ್ಚಲಿ ಬಿಡಲಿ. ಕೋನ್ ಒಂದು ಮಗ್ಗಲಿಗೆ ಜೋತು ಬಿದ್ದು ಕಾಯಿಲ್ ತಿಕ್ಕತೈತಿ. ನೀವು ಕೇಳಿದ ಗರ್ ಅದ. ಬಲಗಡಿ ಹೋದ್ರ ಎಡಗಡೀದೂ ಹೋಗಾಕ ಬಂದೈತಂತ ತಿಳೀರಿ, ಎರಡೂ ಕೂಡೇ ಮಾಡ್ರಿ.

ಬಿಚ್ಚೋ ಮೊದಲ ಪಿಕ್ಚರ್ ಟ್ಯೂಬ್. ಅದರ ಆನೋಡಿನ (ಗಾಜಿಗೆ ಹಚ್ಚಿದ ರಬ್ಬರ್ ಟೋಪಿಗಿ ಕೆಳಗಿನ ಲೋಹದ ತುದಿ) ಮ್ಯಾಲ ಸಾವಿರಾರು ವೋಲ್ಟ್ ಉಳದಿರ್ತೈತಿ. ಪ್ಲಗ್ ಕಿತ್ತು ಒಂದು ರಾತ್ರಿ ಬಿಡ್ರಿ. 1 ಮೆಗಓಮ್ ರೆಸಿಸ್ಟರ್ ಕೂಡಿಸಿದ ವೈರಿನ ಒಂದು ತುದಿ ಟ್ಯೂಬಿನ ಹಿಂದ ಸುತ್ತಿದ ಹೆಣಿಗಿ ತಂತಿಗೆ, ಇನ್ನೊಂದು ತುದಿ ಚಪ್ಪಟಿ ಸ್ಕ್ರೂಡ್ರೈವರಿಗೆ. ಒಂದ ಕೈಲೆ, ರಬ್ಬರ್ ಟೋಪಿಗಿ ಒಳಗ ತೂರಸಿ ಲೋಹಕ್ಕ ಮುಟ್ಟಸ್ರಿ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ, ಯಾಕಂದ್ರ ಗಾಜಿನ್ಯಾಗ ಚಾರ್ಜ್ ಮತ್ತ ಏಳತೈತಿ. ಈ ಕೆಲಸ ಒಮ್ಮೆನೂ ನೋಡದವರು ಟಿವಿ ರಿಪೇರಿ ಮಾಡೋ ಹಿರಿಯರನ್ನ ಬಾಜೂಕ ಕೂಡ್ರಿಸಿಕೊಂಡು ಮಾಡ್ರಿ.

ಸ್ಪೀಕರ್ ತಗಿಯುವಾಗ ಪ್ಲಸ್ ವೈರಿಗೆ ಗುರುತು ಹಾಕ್ರಿ. ಒಂದು ಉಲ್ಟಾ ಕೂತ್ರ ಎರಡೂ ಕೋನ್ ಎದುರಾಬದರ ಚಲಿಸಿ ಕೆಳಗಿನ ದನಿ ಸತ್ತ ಹೋಗ್ತೈತಿ.

ಹಳೇ ಫೋಮ್ ಬೆರಳಿಗೆ ಹತ್ತಿದ್ರ ಕಾಕಂಬಿ ಹಂಗ ಎಳಿ ಎಳಿ ಬರ್ತೈತಿ, ಅಂಚಿನ್ಯಾಗ ಒಣಗಿ ಕರೇ ಪುಡಿ ಆಗಿರ್ತೈತಿ. ಐಸ್‌ಕ್ರೀಮ್ ಕಡ್ಡಿ ತುದಿ ಓರೆಯಾಗಿ ಕೊರದು, ಅದರಿಂದ ಕೆರೀರಿ, ಬ್ಲೇಡ್ ಬ್ಯಾಡ. ಕೋನಿಗೆ ಆಲ್ಕೊಹಾಲ್ ಹಿಂಡಿದ ಹತ್ತಿ ಅಷ್ಟ, ತೋಯಿಸಬ್ಯಾಡ್ರಿ. ಪುಡಿ ಕಾಯಿಲ್ ಕಡೆ ಬೀಳದಂಗ ಸ್ಪೀಕರ್ ಬೋರಲ ಹಿಡದು ಕೆರೀರಿ. ಎಲ್ಲಾರೂ ತಪ್ಪೋದು ಇಲ್ಲೇ.

ಹೊಸ ಅಂಚಿಗೆ ನಾಕು ಅಳತಿ: ಕೋನಿನ ಹೊರ ಅಂಚು, ಫೋಮಿನ ನಡುವಿನ ಉಬ್ಬಿನ ಒಳಗಿನ ಅಡ್ಡಳತಿ, ಉಬ್ಬಿನ ಹೊರಗಿನದು, ಚೌಕಟ್ಟಿನ ಒಳಗಿನದು. ಅಂಟು ಬಿಳೇ ಫೆವಿಕಾಲ್ ಸಾಕು. ತಕ್ಷಣ ಹಿಡಿಯೋದಿಲ್ಲ ಅನ್ನೋದ ಅದರ ಗುಣ, ಸರಿಪಡಿಸಾಕ ಹೊತ್ತು ಸಿಗತೈತಿ. ಫೆವಿಕ್ವಿಕ್ ಥರದ್ದು ಹಚ್ಚಿದ್ರ ಫೋಮ್ ಕಲ್ಲಾಗ್ತೈತಿ. ಮೊದಲ ಕೋನಿಗೆ ಹಚ್ಚಿ ಒಂದು ರಾತ್ರಿ ಬಿಡ್ರಿ. ಮರುದಿನ ಚೌಕಟ್ಟಿನ ಕಡೆ ಹಚ್ಚಿ, ಮೊಬೈಲಿನ್ಯಾಗ 30 ಹರ್ಟ್ಜ್ ಟೋನ್ ಸಣ್ಣ ಆಂಪ್ಲಿಫೈಯರಿನಿಂದ ಅತಿ ಕಡಿಮಿ ದನಿಯಾಗ ಕೊಡ್ರಿ. ಕೋನ್ ಕಣ್ಣಿಗೆ ಕಾಣೋ ಹಂಗ ಅಲಗಾಡತೈತಿ. ಸಪ್ಪಳ ಬರಬಾರದು. ತಿಕ್ಕೋ ಸಪ್ಪಳ ಕೇಳಿದ್ರ ಅಂಚು ಎಳ್ಳಷ್ಟು ಸರಸ್ರಿ, ನಿಂತ ಜಾಗಾದಾಗ ಬಟ್ಟಿ ಕ್ಲಿಪ್ ಹಾಕಿ 24 ಗಂಟೆ ಬಿಡ್ರಿ.

ಜಮಖಂಡಿ_ಮ್ಯಾಕ್ | ಜಮಖಂಡಿ

ಶಹಾಪುರದ ಅಣ್ಣಾರು ಬರೆದದ್ದಕ್ಕ ಎರಡು ಕೂಡಸ್ತೀನಿ.

ಕೆಲವರು ಫೋಮ್ ಬದಲಿ ರಬ್ಬರ್ ಅಂಚು ಹಾಕ್ತಾರ, ಬಾಳಿಕಿ ಬರ್ತೈತಂತ. ಇಷ್ಟು ಸಣ್ಣ ಸ್ಪೀಕರಿಗೆ ಅದು ಬಿರುಸು, ತೂಕಾನೂ ಹೆಚ್ಚು. ಕೋನ್ ಸಲೀಸಾಗಿ ಚಲಿಸೂದಿಲ್ಲ, ಐಮ್ಯಾಕಿನ ದನಿಯ ತಳಾನ ಹೋಗ್ತೈತಿ. ಹತ್ತು ವರ್ಷಕ್ಕ ಒಮ್ಮೆ ಫೋಮ್ ಹಾಕೋದ ಲೇಸು.

ಇನ್ನೊಂದು, ಸ್ಪೀಕರ್ ಪೂರ್ತಿ ಹೋಗಿದ್ರ ಮಾರ್ಕೆಟ್ಟಿನ ಯಾವುದೋ ಒಂದು ತಂದು ಕೂಡಸಬ್ಯಾಡ್ರಿ. ಪಿಕ್ಚರ್ ಟ್ಯೂಬ್ ಬಾಜೂಕ ಕೂಡ್ರೋ ಸ್ಪೀಕರಿಗೆ ಮ್ಯಾಗ್ನೆಟಿಕ್ ಶೀಲ್ಡ್ ಇರ್ತೈತಿ: ಹಿಂದ ಎದುರು ಮುಖದ ಎರಡನೇ ಮ್ಯಾಗ್ನೆಟ್, ಮ್ಯಾಲ ಕಬ್ಬಿಣದ ಟೋಪಿ. ಸಾದಾ ಸ್ಪೀಕರ್ ಹಾಕಿದ್ರ ಪರದೆಯ ಆ ಮೂಲ್ಯಾಗ ಹಸರ, ನೇರಳೆ ಕಲೆ ಬೀಳತಾವ. ಡಿಗಾಸ್ ಮಾಡಿದ್ರ (ಪರದೆಗೆ ಹತ್ತಿದ ಕಾಂತತ್ವ ತಗದ್ರ) ಹೋಗ್ತಾವ, ಮತ್ತ ಬರ್ತಾವ. ಕೊಳ್ಳುವಾಗ ಒಂದು ಸ್ಟೀಲ್ ಪಿನ್ ಸ್ಪೀಕರಿನ ಬೆನ್ನಿಗೆ ಹಿಡೀರಿ, ಜೋರಾಗಿ ಎಳಕೊಂಡ್ರ ಶೀಲ್ಡ್ ಇಲ್ಲ. 2002ರ ಇಮ್ಯಾಕ್‌ಗೂ (ಐಮ್ಯಾಕ್ ಅಲ್ಲ, ಟ್ಯೂಬ್ ಇರೋ ಇನ್ನೊಂದು ಆ್ಯಪಲ್ ಮಷೀನ್), ಸ್ಪೀಕರ್ ಇರೋ ಹಳೇ ಸಿಆರ್‌ಟಿ ಮಾನಿಟರ್‌ಗೂ ಇದ ಮಾತು.

ನಿಮ್ಮ ಐಮ್ಯಾಕಿನ್ಯಾಗ ಫ್ಯಾನ್ ಇಲ್ಲ, ಬಿಸಿ ಗಾಳಿ ತಾನಾಗೇ ಮ್ಯಾಲ ಹಿಡಿಕಿ ಕಡೆಯಿಂದ ಹೋಗ್ತೈತಿ. ವಿಜಯಪುರದ ಏಪ್ರಿಲ್‌ನ್ಯಾಗ 40 ಡಿಗ್ರಿ ದಾಟಿದ ಮಧ್ಯಾಹ್ನ ಹಚ್ಚಬ್ಯಾಡ್ರಿ. ಧೂಳಿಗಂತ ಬಟ್ಟಿ ಹೊಚ್ಚಿದ್ರ, ಚಾಲೂ ಮಾಡೋ ಮೊದಲ ಪೂರ್ತಿ ತಗೀರಿ. ಒಳಗಿನ 3.6 ವೋಲ್ಟ್ ಅರ್ಧ ಎಎ ಲಿಥಿಯಂ ಬ್ಯಾಟರಿ ಬದಲಿಸಿದ ಮ್ಯಾಲ ಬೋರ್ಡಿನ ರೀಸೆಟ್ ಗುಂಡಿ ಒಂದ ಸಲ ಒತ್ತರಿ, ಎರಡು ಸಲ ಬ್ಯಾಡ. ಮ್ಯಾಕ್ ಓಎಸ್ 10 ಹಾಕೋ ವಿಚಾರ ಇದ್ರ ಮೊದಲ ಓಎಸ್ 9ರಾಗ ಫರ್ಮ್‌ವೇರ್ (ಬೋರ್ಡಿನ ಚಿಪ್ಪಿನೊಳಗಿನ ಸಾಫ್ಟ್‌ವೇರ್) 4.1.9 ಹಾಕಬೇಕು. ಅದಿಲ್ಲದ ಹಾಕಿದ ಮಷೀನ್ ಪರದೆ ಕರ್ರಗಾಗಿ ಕೂಡತಾವ.

ಮುಂದ ಸಣ್ಣ ಪರದೆಯ ಮ್ಯಾಕಿಂತೋಷ್ ಕ್ಲಾಸಿಕ್, ಎಸ್‌ಇ/30 ಸಿಕ್ರ ಅಲ್ಲೂ ದನಿಯಿಂದಾನ ರೋಗ ಹಿಡೀಬಹುದು. ಚಾಲೂ ಮಾಡಿದಾಗಿನ ನಾದ ಸಣ್ಣಗ ಕೇಳಿದ್ರ, ಕೇಳದಿದ್ರ, ಬೋರ್ಡಿನ ಮ್ಯಾಲಿನ ಬೆಳ್ಳಿ ಡಬ್ಬಿಯಂಥಾ ಸಣ್ಣ ಕೆಪಾಸಿಟರ್ ಸೋರ್ಯಾವ. ಹೆಚ್ಚಿನವು 47 ಮೈಕ್ರೋಫ್ಯಾರಡ್, 16 ವೋಲ್ಟ್. ಕಾಯಬ್ಯಾಡ್ರಿ, ಮುಂದಿನ ಹೆಜ್ಜೆ ಪರದೆ ಮ್ಯಾಲ ಚೌಕಳಿ, ಪಟ್ಟಿ. ಬಿಚ್ಚಾಕ ಉದ್ದ ಕೋಲಿನ ಟಾರ್ಕ್ಸ್ ಟಿ15 ಬೇಕು. ಸಾದಾ ಬಿಟ್ ಹಿಡಿಕಿ ತಗ್ಗಿನ ಆಳಕ್ಕ ಮುಟ್ಟೂದಿಲ್ಲ.

ಗುಮ್ಮಟ_486 | ವಿಜಯಪುರ

ಭಾಳ ಉಪಕಾರ ಆತ್ರಿ. ಮೂರೂ ಬಂದಾವ. 486ರ ಕಿಲುಬು ಒಂದು ಇಂಚಿನೊಳಗ ಅದ, ತೊಳದು ಡಯೋಡ್ ಸಮೇತ ಹೋಲ್ಡರ್ ಹಾಕೀನಿ. ಅದರ ಸ್ಪೀಕರ್ ಮೀಟರಿನ್ಯಾಗ ಏನೂ ತೋರಸೂದಿಲ್ಲ, ಓಪನ್. ಬಿಬಿಸಿಗೆ ಎರಡೂ ಎಕ್ಸ್2 ಬದಲಿಸಿ, 5 ವೋಲ್ಟ್ 5.05 ಬಂತು. ಬೋರ್ಡ್ ಕೂಡಿಸಿದ್ರ ‘ಬೂ’ ನಿಲ್ಲವಲ್ದು.

ಇನ್ನೊಂದು, 486ರ ಮುಂದಿನ ಪ್ಲಾಸ್ಟಿಕ್ ಹಳದಿ ಆಗೇದ. ಪಾರ್ಲರ್ ಕ್ರೀಮ್ ಹಚ್ಚಿ ಬಿಸಿಲಿಗಿಡ್ತಾರಂತಲ್ಲ, ನಮ್ಮ ಬಿಸಿಲಿಗೆ ನಡೀತದೇನು?

ಟಿಳಕವಾಡಿ_ಸರ್ಕ್ಯೂಟ್ | ಬೆಳಗಾವಿ

ನಡೀತೈತಿ, ಆದ್ರ ಹೊತ್ತು ನೋಡಿ. ಕೂದಲಿಗೆ ಹಚ್ಚೋ 40 ವಾಲ್ಯೂಮ್ ಡೆವಲಪರ್ ಕ್ರೀಮ್ ಅಂದ್ರ 12 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್. ಪ್ಲಾಸ್ಟಿಕ್ ಪೂರ್ತಿ ಬಿಚ್ಚಿ, ಲೋಗೋ ಮತ್ತ ಲೋಹ ತಗದು, ಸೋಪಿನಿಂದ ತೊಳದು ಒರಸ್ರಿ. ಬ್ರಷ್‌ನಿಂದ ಒಂದ ಸಮ ದಪ್ಪ ಹಚ್ಚಿ, ಅಡಗಿ ಮನಿ ಕ್ಲಿಂಗ್ ಫಿಲ್ಮ್ ಸುತ್ತರಿ, ಒಳಗ ಗುಳ್ಳಿ ಇರಬಾರದು. ಮುಂಜಾನೆ 8ರಿಂದ 11. ಅರ್ಧ ತಾಸಿಗೊಮ್ಮೆ ತಿರುವಿ, ಕ್ರೀಮ್ ಬೆರಳಿನಿಂದ ಫಿಲ್ಮ್ ಮ್ಯಾಲಿಂದನ ಸರಿಸಿ. ನಿಮ್ಮ ಮಧ್ಯಾಹ್ನದ ಬಿಸಿಲಿಗೆ ಕ್ರೀಮ್ ಒಣಗಿದ ಕಡೆ ಬಿಳೇ ಮಚ್ಚೆ ಬೀಳತಾವ, ಅವು ಹೋಗೂದಿಲ್ಲ. ತೆಳು ಫಲಕ ಸೊಟ್ಟ ಆಗೋದೂ ಉಂಟು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಐಮ್ಯಾಕಿನ ಬಣ್ಣದ ಪಾರದರ್ಶಕ ಪ್ಲಾಸ್ಟಿಕ್ಕಿಗೆ ಇದನ್ನ ಮುಟ್ಟಿಸಬ್ಯಾಡ್ರಿ.

ಇಡೋ ವಿಷಯಕ್ಕ ನಿಮಗ ಧೂಳು, ನಮಗ ಮಳಿ. ಬೆಳಗಾವಿಯಾಗ ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಗದದ ಕೋನಿಗೆ ಬೂಷ್ಟ ಬರ್ತೈತಿ, ತಗಡಿಗೆ ಜಂಗು. ಇಲ್ಲಿಯವರು ಮುಚ್ಚಳ ಇರೋ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಾಗ ಅರ್ಧ ಕಿಲೋ ಸಿಲಿಕಾ ಜೆಲ್ ಇಟ್ಟು, ತಿಂಗಳಿಗೊಮ್ಮೆ ಬಣ್ಣ ನೋಡಿ 120 ಡಿಗ್ರಿ ಓವನ್ನಿನ್ಯಾಗ ಎರಡು ತಾಸು ಒಣಗಿಸ್ರಿ. ವಿಜಯಪುರದಾಗ ಹತ್ತಿ ಬಟ್ಟಿ ಹೊದಿಕಿ ಸಾಕು. ಕರಿಮಣ್ಣಿನ ಧೂಳು ನುಣುಪು, ಬ್ಲೋವರ್ ಹೊಡದ್ರ ಸ್ಪೀಕರಿನ ಕಾಯಿಲ್ ಸಂದಿಗೆ ಹೋಗಿ ಕೂಡತೈತಿ. ಕೋನಿಗೆ ಮೆತ್ತನ ಬಣ್ಣದ ಬ್ರಷ್ ಅಷ್ಟ.

ಶಹಾಪುರ_ಕೋನ್ | ಬೆಳಗಾವಿ

486ರ ಸ್ಪೀಕರ್ ಓಪನ್ ಅಂದ್ರ ಬಿಸಾಕಬ್ಯಾಡ್ರಿ. ಚೌಕಟ್ಟಿನ ಟ್ಯಾಗಿನಿಂದ ಕೋನಿಗೆ ಎರಡು ಹೆಣದ ತಂತಿ ಹೋಗ್ಯಾವಲ್ಲ, ಹೆಚ್ಚಾಗಿ ಟ್ಯಾಗಿನ ಬುಡಕ್ಕ ಹರೀತಾವ. ಕೋನಿನ ಮ್ಯಾಲ ಕರೇ ಅಂಟಿನ ಎರಡು ಚುಕ್ಕಿ ಕಾಣತಾವ, ಮೀಟರಿನ ಸೂಜಿ ನೇರ ಅಲ್ಲಿ ಒತ್ತರಿ. ಆರೇಳು ಓಮ್ ಬಂದ್ರ ಕಾಯಿಲ್ ಗಟ್ಟಿ ಐತಿ. ಟ್ಯಾಗಿನ ಹಳೇ ಬೆಸುಗೆ ತಗದು, ತಂತಿ 2 ಮಿಲಿಮೀಟರ್ ಮುಂದ ಎಳದು ಹೊಳ್ಳಿ ಬೆಸೀರಿ. ತಂತಿ ಒಳಗ ದಾರ ಐತಿ, ಐರನ್ ಎರಡು ಸೆಕೆಂಡಿಗಿಂತ ಹೆಚ್ಚು ಹಿಡದ್ರ ದಾರ ಸುಟ್ಟು ಬಿರುಸಾಗಿ ಮತ್ತ ಅಲ್ಲೇ ಮುರೀತೈತಿ. ಅಲ್ಲೂ ಓಪನ್ ತೋರಿಸಿದ್ರ ಕಾಯಿಲ್ ಹೋಗೇತಿ. ಹಳೇ ಟ್ರಾನ್ಸಿಸ್ಟರ್ ರೇಡಿಯೋದ 57 ಮಿಲಿಮೀಟರ್, 8 ಓಮಿನ ಕಾಗದದ ಸ್ಪೀಕರ್ ಹುಡಕ್ರಿ. ಮೂಲದ್ದನ್ನ ಚೀಟಿ ಬರದು ಪೆಟ್ಟಿಗಿ ಒಳಗ ಕಟ್ಟಿಡ್ರಿ.

ನವನಗರ_ಬೆಸುಗೆ | ಬಾಗಲಕೋಟೆ

5.05 ಸರಿಯಾಗಿದೆ. ‘ಬೂ’ ನಿಲ್ಲದಿದ್ದರೆ ಪ್ಲಗ್ ಕಿತ್ತು, ಸಾಕೆಟ್‌ನಲ್ಲಿರುವ ರೋಮ್‌ಗಳನ್ನು ಒಂದೊಂದಾಗಿ ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಎರಡೂ ತುದಿ ಸ್ವಲ್ಪ ಸ್ವಲ್ಪವೇ ಎತ್ತಿ ತೆಗೆಯಿರಿ. ಕಾಲುಗಳು ಕಪ್ಪಾಗಿದ್ದರೆ ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ತಿಕ್ಕಿ, ಆಲ್ಕೊಹಾಲ್‌ನಿಂದ ಒರೆಸಿ, ಕಚ್ಚು ಇದ್ದ ದಿಕ್ಕಿಗೇ ಕೂರಿಸಿ. ತೆಗೆಯುವ ಮೊದಲು ಮೊಬೈಲ್‌ನಲ್ಲಿ ಫೋಟೋ ಇರಲಿ, ಉಲ್ಟಾ ಕೂತ ಚಿಪ್ ಒಂದೇ ಸಲಕ್ಕೆ ಹೋಗುತ್ತದೆ. ಆಪರೇಟಿಂಗ್ ಸಿಸ್ಟಮ್ ರೋಮ್ ಮತ್ತು 6502 ಪ್ರೊಸೆಸರ್‌ಗೆ ಮೊದಲು ಮಾಡಿ. ಎಷ್ಟೋ ಸಲ ಅಷ್ಟಕ್ಕೇ ‘ಬೂ’ ಹಿಂದೆ ‘ಬೀಪ್’ ಬರುತ್ತದೆ. ಬರದಿದ್ದರೆ ಬ್ರೇಕ್ ಕೀ ಒತ್ತಿ ಹಿಡಿದು ಬಿಡಿ. ಆಗ ಎದ್ದರೆ ರೋಮ್‌ಗಳಲ್ಲ, ಸ್ವಿಚ್ ಹಾಕಿದಾಗ ಕೆಲಸ ಮಾಡಬೇಕಾದ ರೀಸೆಟ್ ಸರ್ಕ್ಯೂಟ್ ಸಂಶಯ. ಯಾವುದಾಯಿತು ಎಂದು ಇಲ್ಲಿ ಬರೆಯಿರಿ, ಮುಂದಿನದನ್ನು ಅಲ್ಲಿಂದ ನೋಡೋಣ.